ಅಜ್ಜಿಯ ಹೆಬ್ಬೆರಳು

ಅಜ್ಜಿಯ ತಿಥಿ ದಿನ ಮನೆ ಮುಂದೆ ಶಾಮಿಯಾನ ಹಾಕಿದ್ದೆವು. ಊಟಕ್ಕೆ ಮೊದಲು ನಾಲ್ಕೈದು ಜನ ಎದ್ದು ನಿಂತು ಅವಳ ಬಗ್ಗೆ ಮಾತಾಡಿದರು. ಇವತ್ತು ತಿಪಟೂರಿನ ಈ ಸಭೆಯಲ್ಲಿ ಇರುವವರಲ್ಲೂ ಕೆಲವರು ಅವತ್ತು ಬಂದಿದ್ದಿರಿ. ಎಲ್ಲರೂ ಒಳ್ಳೆಯ ಮಾತೇ ಆಡಿದರು. ತ್ಯಾಗಮಯಿ ಅಂದರು. ಕರುಣಾಮಯಿ ಅಂದರು. ಮಕ್ಕಳಿಗಾಗಿ ಜೀವ ತೇಯ್ದವಳು ಅಂದರು. ನಾನು ಹಿಂದೆ ಕೂತು ಬಾಳೆ ಎಲೆ ಒರೆಸುತ್ತಿದ್ದೆ. ಕಣ್ಣಲ್ಲಿ ನೀರಿತ್ತು. ಆದರೂ ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿತ್ತು. ರಾತ್ರಿ ಮಲಗಿದಾಗ ಅದು ಏನು ಅಂತ ಹೊಳೆಯಿತು. ಅಷ್ಟು ಜನ ಮಾತಾಡಿದರೂ ಒಬ್ಬರೂ ಅವಳ ಕೆಲಸದ ಸುದ್ದಿ ಎತ್ತಲಿಲ್ಲ.

ತ್ಯಾಗಮಯಿ ಅನ್ನೋ ಮಾತನ್ನು ಯಾರ ಅಜ್ಜಿಗಾದರೂ ಹೇಳಬಹುದು, ಅಲ್ವಾ? ಆದರೆ ಒಂದು ಕಾಯನ್ನು ಕಿವಿ ಹತ್ತಿರ ಹಿಡಿದು, ಒಂದೇ ಸಲ ಅಲ್ಲಾಡಿಸಿ, "ಇದು ಹನ್ನೆರಡಾಣೆ ಒಣಗಿದೆ, ಇನ್ನು ನಾಲ್ಕಾಣೆ ಬಾಕಿ" ಅಂತ ಹೇಳೋದು ಎಷ್ಟು ಜನಕ್ಕೆ ಬರುತ್ತೆ? ನಮ್ಮಜ್ಜಿಗೆ ಬರುತ್ತಿತ್ತು. ನಲವತ್ತು ವರ್ಷ ಕೊಬ್ಬರಿ ಸುಲಿದವಳು ಅವಳು. ಅದು ಅವಳ ಕಸುಬು. ಅವಳು ಒಳ್ಳೆಯವಳಾಗಿದ್ದಳು ಅಂತ ನಿಮಗೆಲ್ಲ ಗೊತ್ತು. ಅವಳು ಒಬ್ಬ ನುರಿತ ಕೆಲಸಗಾರ್ತಿ ಆಗಿದ್ದಳು ಅನ್ನೋದನ್ನು ಹೇಳೋಕೆ ನಾನು ಇವತ್ತು ಬಂದಿದ್ದೇನೆ.

ಅವಳ ಹೆಬ್ಬೆರಳಿನಿಂದಲೇ ಶುರು ಮಾಡುತ್ತೇನೆ.

ಆರೇಳು ವರ್ಷದ ಹಿಂದಿನ ಮಾತು. ರೇಷನ್ ಅಂಗಡಿಗೆ ಬೆರಳಚ್ಚು ತೆಗೆಯುವ ಮೆಷಿನ್ ಬಂದಿತ್ತು. ಅಜ್ಜಿ ಚೀಲ ಹಿಡಿದುಕೊಂಡು ಹೋದಳು. ಬಲಗೈ ಹೆಬ್ಬೆರಳು ಇಟ್ಟಳು. ಕೆಂಪು ದೀಪ ಹತ್ತಿತು. ಎಡಗೈ ಇಟ್ಟಳು. ಮತ್ತೆ ಕೆಂಪು. ಒಂದೊಂದಾಗಿ ಹತ್ತೂ ಬೆರಳು ಇಡಿಸಿದರು. ಕೈ ತೊಳೆದುಕೊಂಡು ಬಾ ಅಂದರು. ತೊಳೆದು ಬಂದಳು. ಸೆರಗಿನಲ್ಲಿ ಒರೆಸಿ ಇಟ್ಟಳು. ಯಾರೋ ಹೇಳಿದರು ಅಂತ ತಲೆಗೂದಲಿಗೆ ಉಜ್ಜಿ, ಒಂದಿಷ್ಟು ಎಣ್ಣೆ ಜಿಡ್ಡು ಹತ್ತಿಸಿಕೊಂಡು ಇಟ್ಟಳು. ಆಗಲಿಲ್ಲ. ನಾಳೆ ಬಾ ಅಂದರು. ಮೂರು ದಿನ ಓಡಾಡಿ ಮೂರು ದಿನವೂ ಖಾಲಿ ಚೀಲ ಹಿಡಿದು ವಾಪಸ್ ಬಂದಳು. ಕೊನೆಗೆ ಮಾವನ ಮೊಬೈಲಿಗೆ ನಂಬರ್ ತರಿಸಿ ಅಕ್ಕಿ ತಂದದ್ದಾಯಿತು.

ಆ ವಾರ ನಾನು ಊರಿಗೆ ಬಂದಿದ್ದೆ. ಅಜ್ಜಿ ಜಗಲಿ ಮೇಲೆ ಕೂತಿದ್ದಳು. ಕೈ ಕೊಡು ಅಂದೆ. ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದೆ. ನಿಜವಾಗಲೂ ಗೆರೆ ಇರಲಿಲ್ಲ. ಕರಟದ ಒಳಮೈ ಇರುತ್ತಲ್ಲ, ಹಾಗೆ ನುಣ್ಣಗೆ, ಒಂಥರಾ ಹೊಳಪು ಬಂದಿತ್ತು. ಉಗುರಿನ ಮಧ್ಯೆ ಉದ್ದಕ್ಕೆ ಒಂದು ಸೀಳು. ಬುಡದಲ್ಲಿ ಮಚ್ಚಿನ ಏಟಿನ ಹಳೇ ಗಾಯ. ತೋರುಬೆರಳಿನ ಪಕ್ಕದಲ್ಲಿ ಚರ್ಮ ಎಷ್ಟು ಗಟ್ಟಿಯಾಗಿತ್ತು ಅಂದರೆ ನಾನು ಉಗುರಲ್ಲಿ ಒತ್ತಿದರೂ ಅವಳಿಗೆ ಗೊತ್ತಾಗಲಿಲ್ಲ. ಸುಲಿಯೋದು ಬಿಟ್ಟು ಎಷ್ಟೋ ವರ್ಷ ಆಗಿದ್ದರೂ ಆ ಕೈಯಲ್ಲಿ ಕೊಬ್ಬರಿ ವಾಸನೆ ಇತ್ತು. ಇದ್ದದ್ದು ಹೌದೋ, ನನಗೆ ಹಾಗೆ ಅನ್ನಿಸಿತೋ, ಗೊತ್ತಿಲ್ಲ.

ಅಜ್ಜಿ ಕೈ ಎಳೆದುಕೊಂಡು ಹೇಳಿದಳು, "ಬೆಳ್ಳು ಸವ್ದೋಗದೆ ಅಂತಾರೆ ಕಣೆ. ಸವೀದೆ ಇನ್ನೇನಾಗ್ತದೆ?"

ಹೌದು, ಸವೆಯದೆ ಏನಾಗುತ್ತದೆ? ಕೊಬ್ಬರಿ ಕೆಲಸ ಹೇಗಿರುತ್ತೆ ಅಂತ ತಿಪಟೂರಿನಲ್ಲಿ ನಿಂತು ವಿವರಿಸಬೇಕಾ ಅಂತ ನೀವು ಕೇಳಬಹುದು. ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳನ್ನು ಆಗಲೇ ಕೇಳಿದೆ. ಅಟ್ಟ ಹತ್ತಿದವರು ಇಬ್ಬರೇ ಇದ್ದಾರೆ. ಆದ್ದರಿಂದ ಹೇಳುತ್ತೇನೆ.

ಬಲಿತ ಕಾಯನ್ನು ಕೆಡವಿ, ಮಟ್ಟೆ, ಅಂದರೆ ಹೊರಗಿನ ನಾರಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಸಲ ಒಂದು ವರ್ಷ ಅದು ಅಲ್ಲೇ ಇರಬೇಕು. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ. ತಿರುಳು ಒಣಗುತ್ತಾ ಒಣಗುತ್ತಾ ಚಿಪ್ಪನ್ನು ಬಿಡುತ್ತದೆ. ಕೊನೆಗೆ ಚಿಪ್ಪಿನೊಳಗೆ ಒಂದು ಉಂಡೆ ಬಿಡಿಯಾಗಿ ಉಳಿಯುತ್ತದೆ. ಅದೇ ಗಿಟುಕು. ಬೇರೆ ಸೀಮೆಗಳಲ್ಲಿ ಕಾಯಿ ಹೋಳು ಮಾಡಿ ಬಿಸಿಲಿಗೆ ಹರಡಿ ಒಣಗಿಸಿ ಎಣ್ಣೆಗೆ ಕಳಿಸುತ್ತಾರೆ. ನಮ್ಮದು ತಿನ್ನುವ ಕೊಬ್ಬರಿ. ಇಲ್ಲಿಂದ ಲಾರಿಗಟ್ಟಲೆ ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಮದುವೆಗೆ, ಪೂಜೆಗೆ, ಮಿಠಾಯಿಗೆ ಇದೇ ಗಿಟುಕು ಬೇಕು. ಅಜ್ಜಿ ಜೀವಮಾನದಲ್ಲಿ ಬೆಂಗಳೂರಿನಿಂದ ಆಚೆ ಹೋದವಳಲ್ಲ. ಅವಳು ಸುಲಿದ ಕೊಬ್ಬರಿ ದೆಹಲಿ ನೋಡಿತ್ತು.

ಈ ಗಿಟುಕನ್ನು ಇಡಿಯಾಗಿ ತೆಗೆಯಬೇಕು. ಅಲ್ಲೇ ಇರೋದು ಕಷ್ಟ. ಮೊದಲು ಮಟ್ಟೆ ಸುಲಿಯಬೇಕು. ಆಮೇಲೆ ಕಾಯನ್ನು ಎಡಗೈಯಲ್ಲಿ ಹಿಡಿದು, ತಿರುಗಿಸುತ್ತಾ, ಮಚ್ಚಿನಿಂದ ಚಿಪ್ಪಿಗೆ ಮಾತ್ರ ತಾಗುವ ಹಾಗೆ ಹೊಡೆಯಬೇಕು. ಏಟು ಜಾಸ್ತಿಯಾದರೆ ಗಿಟುಕು ಒಡೆಯುತ್ತದೆ, ಹೋಳಿನ ಬೆಲೆಗೆ ಹೋಗುತ್ತದೆ. ಕಡಿಮೆಯಾದರೆ ಚಿಪ್ಪು ಬಿಡೋದಿಲ್ಲ. ಬಿಟ್ಟ ಚಿಪ್ಪಿನ ಚೂರನ್ನು ಹೆಬ್ಬೆರಳಿನಿಂದ ಮೀಟಿ ತೆಗೆಯಬೇಕು. ಆಮೇಲೆ ಗಿಟುಕಿನ ಮೈಯನ್ನು ಬೆರಳಲ್ಲೇ ಸವರಿ, ಅಂಟಿಕೊಂಡ ನಾರು, ಪುಡಿ ಎಲ್ಲ ಬಿಡಿಸಬೇಕು. ಒಂದು ಕಾಯಿಗೆ ಹೆಬ್ಬೆರಳು ಎಷ್ಟು ಸಲ ಉಜ್ಜುತ್ತದೆ ಅಂತ ನೀವೇ ಲೆಕ್ಕ ಹಾಕಿ. ಕೂಲಿ ಸಾವಿರ ಕಾಯಿಗೆ ಇಷ್ಟು ಅಂತ. ಕೈ ನಿಂತರೆ ಕಾಸೂ ನಿಲ್ಲುತ್ತದೆ.

ಮೆಷಿನ್ ಕೇಳಿದ ಗೆರೆಗಳೆಲ್ಲ ಅಲ್ಲಿ ಹೋದವು.

ಅವಳು ಸುಲಿಯೋಕೆ ಮೊದಲೇ ಅಲ್ಲಾಡಿಸಿ ನೋಡುತ್ತಿದ್ದಳು ಅಂದೆನಲ್ಲ. ನೀರಿರುವ ಕಾಯಿ ಗುಳುಗುಳು ಅನ್ನುತ್ತದೆ. ಅದು ಎಲ್ಲರಿಗೂ ಗೊತ್ತಾಗುತ್ತೆ. ಪೂರ್ತಿ ಒಣಗಿದ್ದು ಕಟಕಟ ಅನ್ನುತ್ತದೆ. ಅದೂ ಗೊತ್ತಾಗುತ್ತೆ. ಮಧ್ಯದ್ದು ಇದೆಯಲ್ಲ, ನೀರು ಹೋಗಿದೆ, ಆದರೆ ತಿರುಳು ಒಂದು ಪಕ್ಕದಲ್ಲಿ ಇನ್ನೂ ಚಿಪ್ಪು ಕಚ್ಚಿಕೊಂಡಿದೆ, ಅದರ ಸದ್ದು ಹಿಡಿಯೋದು ಕಷ್ಟ. ನನ್ನ ಕಿವಿಗೆ ಎಲ್ಲಾ ಒಂದೇ. ಅಜ್ಜಿ ಅದನ್ನು ಆಣೆಯಲ್ಲಿ ಹೇಳುತ್ತಿದ್ದಳು. ಹತ್ತಾಣೆ, ಹನ್ನೆರಡಾಣೆ, ಹದಿನಾಲ್ಕಾಣೆ. ಹದಿನಾರಾಣೆ ಆದರೆ ಮಚ್ಚು ಎತ್ತಬಹುದು. ಕೆಟ್ಟ ಕಾಯನ್ನು ಒಡೆಯದೆಯೇ ಮೂಗಿನ ಹತ್ತಿರ ಹಿಡಿದು "ಇದು ಕೌಟು" ಅಂತ ಪಕ್ಕಕ್ಕೆ ಇಡುತ್ತಿದ್ದಳು. ಚಿಪ್ಪಿನ ಕಣ್ಣಿನ ಹತ್ತಿರ ಮೂಗು ಇಟ್ಟರೆ ಗೊತ್ತಾಗುತ್ತೆ ಅಂತಿದ್ದಳು.

ಆಣೆ ಮಾತು ಬಂತು, ಒಂದು ನಿಮಿಷ ಆ ಕಡೆ ಹೋಗಿ ಬರುತ್ತೇನೆ. ನಯಾಪೈಸೆ ಬಂದದ್ದು 1957ರಲ್ಲಿ. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಆಯಿತು. ಅಜ್ಜಿ ದುಡ್ಡನ್ನು ಪೈಸೆಯಲ್ಲೇ ಎಣಿಸೋಕೆ ಕಲಿತಳು. ಆದರೆ ಜೀವನದ ಬಾಕಿ ಎಲ್ಲದಕ್ಕೂ ಆಣೆಯನ್ನೇ ಇಟ್ಟುಕೊಂಡಳು. ಮುದ್ದೆ ಎಂಟಾಣೆ ಬೆಂದಿದೆ. ಜ್ವರ ನಾಲ್ಕಾಣೆ ಇಳಿದಿದೆ. ನಮ್ಮಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಬಂದಾಗ ಕೇಳಿದ್ದಳಂತೆ, "ಎಷ್ಟಾಣೆ ಬರ್ದೆ ಮಗ?" ಅಮ್ಮ ಹನ್ನೆರಡಾಣೆ ಅಂದರಂತೆ. "ಸಾಕು ಬಿಡು, ಪಾಸಾಯ್ತಿಯ" ಅಂದಳಂತೆ. ಪಾಸೂ ಆದರು. ಬೆಳೆ ಎಷ್ಟಾಗಿದೆ ಅಂತ ಸರ್ಕಾರದವರೂ ಆಣೆವಾರಿ ಅಂತಲೇ ಅಂದಾಜು ಹಾಕುತ್ತಿದ್ದ ಕಾಲ ಇತ್ತು. ಅದೇ ಲೆಕ್ಕ ಅವಳದ್ದೂ.

ಎಣಿಸುವಾಗ ಇನ್ನೊಂದು ಪದ್ಧತಿ. ರಾಗಿ ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಅನ್ನುತ್ತಿರಲಿಲ್ಲ. ಲಾಭ ಅನ್ನುತ್ತಿದ್ದಳು. ಲಾಭ, ಎರಡು, ಮೂರು. ನಿಮ್ಮ ಮನೆಗಳಲ್ಲೂ ಹೀಗೇ ಇತ್ತಲ್ವಾ? ತಲೆ ಆಡಿಸುತ್ತಿದ್ದೀರಿ. ಚಿಕ್ಕವಳಿದ್ದಾಗ ನಾನು ಶಾಲೆಯಲ್ಲಿ ಮಗ್ಗಿ ಹೇಳುವಾಗ ಲಾಭ ಅಂತ ಶುರು ಮಾಡಿ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೆ. ಮನೆಗೆ ಬಂದು ಅಜ್ಜಿಗೆ ಹೇಳಿದರೆ, "ಅವ್ರು ಅಳೆಯೋದು ಅಕ್ಷರ, ನಾವು ಅಳೆಯೋದು ಕಾಳು, ಅದ್ಕೇ ಬೇರೆ" ಅಂದಳು.

ಇನ್ನು ಅವಳ ವಯಸ್ಸು. ರೇಷನ್ ಕಾರ್ಡಿನಲ್ಲಿ ಒಂದು, ವೋಟರ್ ಕಾರ್ಡಿನಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು. ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1 ಅಂತ ಬರೆದಿದ್ದರು. ಅವಳ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಜನವರಿ 1 ಅಂತಲೇ ಇದೆ, ನಿಮ್ಮ ಮನೆಯ ಕಾರ್ಡು ತೆಗೆದು ನೋಡಿ. ನಾನು ಒಂದು ಸಲ ಕೂರಿಸಿಕೊಂಡು ಕೇಳಿದೆ. ಗಾಂಧಿ ಸತ್ತ ಸುದ್ದಿ ಬಂದಾಗ ನಿನಗೆ ಎಷ್ಟಿತ್ತು? "ಕುರಿ ಮೇಯಿಸ್ತಿದ್ದೆ. ಇನ್ನೂ ದೊಡ್ಡೋಳಾಗಿರ್ಲಿಲ್ಲ. ನಮ್ಮಪ್ಪ ಕೆರೆಗೋಗಿ ಮುಳ್ಗಾಕಿ ಬಂದು, ಇವತ್ತು ಒಲೆ ಹಚ್ಬೇಡಿ ಅಂತು" ಅಂದಳು. 1948ರ ಜನವರಿಯಲ್ಲಿ ಒಂಬತ್ತೋ ಹತ್ತೋ ವರ್ಷ ಅಂದರೆ, 2023ರ ಆಷಾಢದಲ್ಲಿ ಹೋಗುವಾಗ ಎಂಬತ್ತೈದರ ಹತ್ತಿರ. ನಾವು ಹಾಕಿದ ಲೆಕ್ಕ ಇಷ್ಟೇ. ಅವಳ ಅಪ್ಪ ಅವತ್ತು ಮಕ್ಕಳಿಗೆ ಏನು ತಿನ್ನಲು ಕೊಟ್ಟರು ಅಂತಲೂ ಕೇಳಿದ್ದೆ. ಹುರಿಹಿಟ್ಟು. ಒಲೆ ಹಚ್ಚದೆ ತಿನ್ನಬಹುದಾದದ್ದು ಅದೊಂದೇ.

ಆ ಹುರಿಹಿಟ್ಟನ್ನು ಇಲ್ಲಿ ಕೂತಿರುವ ಅರ್ಧ ಜನ ಅಜ್ಜಿ ಕೈಯಿಂದ ತಿಂದಿದ್ದೀರಿ. ರಾಗಿಯನ್ನು ನೆನೆಸಿ, ನೆರಳಲ್ಲಿ ಆರಿಸಿ, ಕಾದ ಮರಳಲ್ಲಿ ಹುರಿದರೆ ಬಿಳೀ ಅರಳಾಗುತ್ತದೆ. ಅದನ್ನು ಬೀಸಿ, ಬೆಲ್ಲ, ಕೊಬ್ಬರಿ ತುರಿ ಹಾಕಿ ಹಾಲಲ್ಲೋ ಮಜ್ಜಿಗೆಯಲ್ಲೋ ಕಲಸಿದರೆ ಆಯಿತು. ಬಾಣಂತಿಗೆ, ಪರೀಕ್ಷೆಗೆ ಹೋಗುವ ಮಕ್ಕಳಿಗೆ, ರೈಲು ಹತ್ತುವವರಿಗೆ ಒಂದೊಂದು ಡಬ್ಬಿ. ನನಗೆ ತುಮಕೂರಿನ ಹಾಸ್ಟೆಲಿಗೆ ಎರಡು ಡಬ್ಬಿ ಬರುತ್ತಿತ್ತು. ಒಂದು ನನಗೆ. ಇನ್ನೊಂದು, "ಪಕ್ಕದ್ ಮಂಚದ್ ಹುಡ್ಗೀಗೆ." ಪಕ್ಕದ ಮಂಚದ ಹುಡುಗಿ ಯಾರು ಅಂತ ಅವಳಿಗೆ ಗೊತ್ತೂ ಇರಲಿಲ್ಲ.

ಕೊಬ್ಬರಿ ಕೂಲಿಗೆ ಅವಳು ಯಾಕೆ ಹೋದಳು ಅನ್ನೋದನ್ನು ಜಾಸ್ತಿ ಎಳೆಯೋದಿಲ್ಲ. ತಾತ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಆಗ ಅಜ್ಜಿಗೆ ಮೂವತ್ತಮೂರೋ ಮೂವತ್ತನಾಲ್ಕೋ. ನಾಲ್ಕು ಮಕ್ಕಳು. ನಮ್ಮಮ್ಮ ಮೂರನೆಯವರು, ಒಂಬತ್ತು ವರ್ಷ. ತವರಿನವರು ಬಂದು ಕರೆದರು. ಇಬ್ಬರು ಮಕ್ಕಳನ್ನು ನಾವು ಸಾಕುತ್ತೇವೆ, ಇಬ್ಬರನ್ನು ನೀನು ನೋಡಿಕೋ ಅಂದರು. ಅಜ್ಜಿ ನಾಲ್ಕು ತಲೆಯನ್ನೂ ಮುಟ್ಟಿ ಎಣಿಸಿ, "ಲಾಭ, ಎರಡು, ಮೂರು, ನಾಲ್ಕು. ಸೇರ್ ಮುರ್ದ್ ಕೊಡೋಕಾಗ್ತದಾ?" ಅಂದಳಂತೆ. ಇದನ್ನು ದೊಡ್ಡಮ್ಮ ಈಗಲೂ ಹೇಳಿ ಅಳುತ್ತಾರೆ. ಮುಂದಿನ ವಾರವೇ ಕೊಬ್ಬರಿ ಮಂಡಿಯ ಹಿಂದಿನ ಶೆಡ್ಡಿನಲ್ಲಿ ಮಚ್ಚು ಹಿಡಿದು ಕೂತಳು.

ಅಲ್ಲಿ ಅವಳ ಕೈಗೆ ಕೆಲಸ ಕಲಿಸಿದವರು ಯಾರು? ತನಗಿಂತ ದೊಡ್ಡ ಹೆಂಗಸೊಬ್ಬರು. ಅವರ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಜ್ಜಿ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದಳು. ಆ ಅಕ್ಕನನ್ನೂ ಯಾರೋ ಹೀಗೆ ಕೂರಿಸಿಕೊಂಡು ಕಲಿಸಿರಬೇಕು. ಕೊಬ್ಬರಿ ಬೆಲೆ ಬಗ್ಗೆ ನಾವು ಎಷ್ಟು ಮಾತಾಡುತ್ತೇವೆ. 2023ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಹರಾಜಿನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಯಿತು, ರೈತರು ಬೀದಿಗೆ ಬಂದರು. ಬರಬೇಕಾದ್ದೇ. ಆದರೆ ಆ ಒಂದು ಕ್ವಿಂಟಲ್ ಇಡಿಯಾಗಿ ಹೊರಗೆ ಬರೋಕೆ ಯಾರ ಕೈ ಎಷ್ಟು ಓಡಾಡಿತು ಅನ್ನೋದನ್ನು ಯಾವ ಮೈಕಿನಲ್ಲೂ ನಾನು ಕೇಳಿಲ್ಲ. ಇದು ನನ್ನ ದೂರು. ಇದನ್ನು ನಮ್ಮೂರಿನಲ್ಲೇ ನಿಂತು ಹೇಳಬೇಕು ಅಂತ ತುಂಬಾ ದಿನದಿಂದ ಇತ್ತು.

ಈಗ ಗೋಡೆ ಲೆಕ್ಕದ ವಿಷಯ. ನಮ್ಮ ಹಳೇ ಮನೆಯ ಅಡುಗೆಮನೆ ಬಾಗಿಲ ಹಿಂದೆ ಗೋಡೆ ಮೇಲೆ ಇದ್ದಿಲಿನ ಗೆರೆಗಳಿದ್ದವು. ಅದು ಅಜ್ಜಿಯ ಸಾಲದ ಪುಸ್ತಕ. ಅವಳು ಪಡೆದ ಸಾಲವಲ್ಲ, ಕೊಟ್ಟದ್ದು. ಒಂದು ಪಾವು ರಾಗಿಗೆ ಗಿಡ್ಡ ಗೆರೆ, ಸೇರಿಗೆ ಉದ್ದ ಗೆರೆ, ದುಡ್ಡಿಗೆ ಸೊನ್ನೆ. ಯಾರದು ಅಂತ ಗೊತ್ತಾಗೋಕೆ ಗೆರೆಗಳ ತಲೆ ಮೇಲೆ ಒಂದು ಗುರುತು. ಮಡಕೆ ಚಿತ್ರ ಅಂದರೆ ಕುಂಬಾರರ ಮನೆ. ಕತ್ತರಿ ಅಂದರೆ ಟೈಲರ್ ಹೆಂಡತಿ. ಎರಡು ಜಡೆ ಇದ್ದ ಒಂದು ಗೊಂಬೆ ಇತ್ತು, ಅದು ಯಾರು ಅಂತ ಕೊನೆಗೂ ಹೇಳಲಿಲ್ಲ. ಕೊಡುವಾಗ ಪಾವಿನ ಬಾಯಿ ಮೇಲೆ ಗುಡ್ಡೆ ನಿಲ್ಲುವಷ್ಟು ತುಂಬಿ ಕೊಡುತ್ತಿದ್ದಳು. ವಾಪಸ್ ತಗೊಳ್ಳುವಾಗ ಅಂಗೈಯಲ್ಲಿ ಒರೆದು, ಮೇಲಿನದನ್ನು ಅವರ ಮೊರಕ್ಕೇ ಹಾಕುತ್ತಿದ್ದಳು.

ವರ್ಷಕ್ಕೊಮ್ಮೆ ಯುಗಾದಿಗೆ ಮೊದಲು ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಬಾಗಿಲ ಹಿಂದೆಯೂ ಬಳಿಸುತ್ತಿದ್ದಳು. ನಮ್ಮಮ್ಮ ಹುಡುಗಿಯಾಗಿದ್ದಾಗ ಒಂದು ಸಲ ಗಾಬರಿಯಾಗಿ, "ಅವ್ವ, ಲೆಕ್ಕ ಎಲ್ಲಾ ಹೋಗುತ್ತೆ, ನಾನು ಪುಸ್ತಕದಲ್ಲಿ ಬರ್ಕೊಳ್ಲಾ?" ಅಂತ ಕೇಳಿದರಂತೆ. ಅಜ್ಜಿ ಬೇಡ ಅಂದಳು. "ಕೊಡೋರ್ಗೆ ಜ್ಞಾಪಕ ಇರ್ತದೆ. ಇಲ್ದೋರ್ ಹತ್ರ ಬರ್ದಿಟ್ಕಂಡು ಏನ್ ಮಾಡ್ಲಿ?" ಅಂತ ಸುಣ್ಣದ ಕುಂಚ ಅಮ್ಮನ ಕೈಗೇ ಕೊಟ್ಟಳಂತೆ. ಇಷ್ಟು ಮಾಡಿಯೂ ಅವಳು ಧಾರಾಳಿ ಅಲ್ಲ, ನೆನಪಿಡಿ. ಒಂದು ಬೆಂಕಿಕಡ್ಡಿ ಜಾಸ್ತಿ ಗೀರಿದರೆ ಬೈಯುತ್ತಿದ್ದಳು. ಚಿಪ್ಪಿನ ಪುಡಿಯನ್ನೂ ಗುಡಿಸಿ ಒಲೆಗೆ ಇಡುತ್ತಿದ್ದಳು.

ತೊಂಬತ್ತರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ಬಂತು. ಸಂಜೆ ಹೊತ್ತು ಲಾಟೀನು, ಸ್ಲೇಟು ಇಟ್ಟುಕೊಂಡು ಹುಡುಗರು ಕಲಿಸುತ್ತಿದ್ದರು. ನಿಮ್ಮಲ್ಲಿ ಕೆಲವರು ಕಲಿಸಿದವರೂ ಇದ್ದೀರಿ. ಅಜ್ಜಿಗೆ ಐವತ್ತು ದಾಟಿತ್ತು. ದಿನವಿಡೀ ಮಚ್ಚು ಹಿಡಿದ ಕೈಯಲ್ಲಿ ಬಳಪ ಹಿಡಿದರೆ ಬಳಪ ಮುರಿಯುತ್ತಿತ್ತು. ಒಂದು ತಿಂಗಳಲ್ಲಿ ಒಂದು ಡಬ್ಬಿ ಬಳಪ ಮುರಿದಳು ಅಂತ ಅಮ್ಮ ಹೇಳುತ್ತಾರೆ. ಅವಳಿಗೆ ಪೂರ್ತಿ ಓದು ಬರಲಿಲ್ಲ. ಅಂಗಡಿ ಬೋರ್ಡು, ಬಸ್ಸಿನ ಹಣೆ ಮೇಲಿನ ಊರ ಹೆಸರು ಕೂಡಿಸಿ ಓದುವಷ್ಟು ಬಂತು. ಮುಖ್ಯವಾಗಿ ಸಹಿ ಬಂತು. ಐದು ಅಕ್ಷರ. ಒಂದೊಂದನ್ನೂ ರಂಗೋಲಿ ಹಾಕುವ ಹಾಗೆ, ಎಳೆ ಎತ್ತದೆ ಬರೆಯುತ್ತಿದ್ದಳು.

ಅವತ್ತಿನಿಂದ ಅವಳು ಎಲ್ಲೂ ಹೆಬ್ಬೆಟ್ಟು ಒತ್ತಲಿಲ್ಲ. ಇಂಕಿನ ಪ್ಯಾಡ್ ಮುಂದೆ ತಳ್ಳಿದರೆ ಹಿಂದಕ್ಕೆ ತಳ್ಳಿ "ಪೆನ್ ಕೊಡಿ" ಅನ್ನುತ್ತಿದ್ದಳು. ಹಿಂದೆ ಸಾಲಿನಲ್ಲಿ ನಿಂತವರು ಬೇಗ ಆಗಲಿ ಅಂತ ಗೊಣಗುತ್ತಿದ್ದರು. ಇವಳು ಐದೂ ಅಕ್ಷರ ಮುಗಿಸಿಯೇ ತಲೆ ಎತ್ತುತ್ತಿದ್ದಳು. ದಸರಿಘಟ್ಟದ ದೇವಸ್ಥಾನಕ್ಕೆ ಹೋದಾಗಲೂ ಹಾಗೇ. ಅಲ್ಲಿ ಚೌಡೇಶ್ವರಿ ಅಮ್ಮನವರು ಭಕ್ತರ ಪ್ರಶ್ನೆಗೆ ಬರೆದು ಉತ್ತರ ಕೊಡುತ್ತಾರೆ ಅಂತ ನಂಬಿಕೆ ಇದೆಯಲ್ಲ, ಮೊದಲೆಲ್ಲ ಅದನ್ನು ಬೇರೆಯವರು ಓದಿ ಹೇಳಿದ್ದನ್ನು ಕೇಳಿಕೊಂಡು ಬರುತ್ತಿದ್ದಳು. ಅಕ್ಷರ ಬಂದ ಮೇಲೆ ತಾನೇ ಬಗ್ಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ದೇವರ ಅಕ್ಷರ ಅವಳಿಗೆ ಪೂರ್ತಿ ಹತ್ತಲಿಲ್ಲ. "ಇನ್ನೊಂದ್ ವರ್ಷ ಕಲ್ತಿದ್ರೆ ಓದ್ಬಿಡ್ತಿದ್ದೆ" ಅಂತ ಹೇಳಿಕೊಂಡು ಬಂದಿದ್ದಳು.

ಈಗ ಆ ರೇಷನ್ ಅಂಗಡಿಯನ್ನು ಮತ್ತೆ ನೆನಪಿಸಿಕೊಳ್ಳಿ. ಮೊದಲನೆಯ ದಿನ ಅವಳು ಪೆನ್ನು ಕೇಳಿದ್ದಳಂತೆ. "ನಂಗೆ ಸೈನ್ ಬರ್ತದೆ" ಅಂದಳಂತೆ. ಸೈನ್ ನಡೆಯೋದಿಲ್ಲ ಅಜ್ಜಿ, ಹೆಬ್ಬೆಟ್ಟೇ ಬೇಕು ಅಂದರಂತೆ. ಇಪ್ಪತ್ತೈದು ವರ್ಷ ಒತ್ತದೆ ಇಟ್ಟುಕೊಂಡ ಹೆಬ್ಬೆಟ್ಟು. ಒತ್ತಿದಳು. ಅದು ನಿನ್ನದಲ್ಲ ಅಂತ ಮೆಷಿನ್ ಹೇಳಿತು. ನನಗೆ ಆ ವಿಷಯ ಗೊತ್ತಾದದ್ದು ಅವಳು ಹೋದ ಮೇಲೆ, ಅತ್ತೆ ಹೇಳಿದಾಗ. ಅಜ್ಜಿ ನನ್ನ ಹತ್ತಿರ ಸವೆದ ಬೆರಳಿನ ಮಾತು ಮಾತ್ರ ಆಡಿದ್ದಳು. ಪೆನ್ನು ಕೇಳಿದ್ದನ್ನು ಮುಚ್ಚಿಟ್ಟಿದ್ದಳು.

ಅತ್ತೆ ಅಂದೆ. ಮಾವನ ಹೆಂಡತಿ. ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರ ಅಪ್ಪಣೆ ಕೇಳಿಕೊಂಡೇ ಇದನ್ನು ಹೇಳುತ್ತಿದ್ದೇನೆ. ಅಜ್ಜಿ ಸೊಸೆಗೆ ಸುಲಭದ ಅತ್ತೆಯಾಗಿರಲಿಲ್ಲ. ಮದುವೆಯಾಗಿ ಎಷ್ಟೋ ವರ್ಷದವರೆಗೆ ಅಟ್ಟ ಮುಟ್ಟಲು ಬಿಡಲಿಲ್ಲ. ಕಾಯಿ ಅಲ್ಲಾಡಿಸಿದರೆ, "ನಿಂಗೇನ್ ಗೊತ್ತಾಯ್ತದೆ, ಇಡು" ಅನ್ನುತ್ತಿದ್ದಳು. ಬೇಸಾಯ ಗೊತ್ತಿಲ್ಲದ ಮನೆಯಿಂದ ಬಂದ ಹುಡುಗಿ ಅಂತ ನೆಂಟರ ಮುಂದೆ ಹೇಳುತ್ತಿದ್ದಳು. ಮೊಮ್ಮಕ್ಕಳಲ್ಲಿ ಗಂಡುಹುಡುಗರಿಗೆ ಒಬ್ಬಟ್ಟು ಒಂದು ಜಾಸ್ತಿ ಬೀಳುತ್ತಿತ್ತು. ಇದನ್ನೆಲ್ಲ ಬಿಟ್ಟು ಮಾತಾಡಿದರೆ ನಾನು ಹೇಳುತ್ತಿರೋದು ನಮ್ಮಜ್ಜಿಯ ವಿಷಯ ಆಗೋದಿಲ್ಲ.

ನುಸಿ ರೋಗ ಬಂದ ವರ್ಷಗಳಲ್ಲಿ ಅದು ಬದಲಾಯಿತು. 2000ದ ಆಸುಪಾಸು. ಆ ಹೊತ್ತಿಗೆ ಕೂಲಿಯಲ್ಲಿ ಉಳಿಸಿ, ಮಕ್ಕಳೂ ಸೇರಿಸಿ, ನಲವತ್ತು ಮರದ ಒಂದು ತೋಟ ಮಾಡಿದ್ದರು. ನುಸಿ ಅಂದರೆ ಕಣ್ಣಿಗೆ ಕಾಣದ ಹುಳ. ಎಳೆಗಾಯಿಯ ತೊಟ್ಟಿನ ಕೆಳಗೆ ಸೇರಿಕೊಂಡು ರಸ ಹೀರುತ್ತದೆ. ಕಾಯಿ ಮೇಲೆ ಕಂದು ಬಣ್ಣದ ಕಲೆ, ಬಿರುಕು. ಕಾಯಿ ಸಣ್ಣದಾಗುತ್ತದೆ. ಮಟ್ಟೆ ಮರದ ಹಾಗೆ ಗಟ್ಟಿಯಾಗಿ ಸುಲಿಯೋಕೇ ಬರೋದಿಲ್ಲ. ಅಜ್ಜಿ ಅಟ್ಟದಿಂದ ಇಳಿಸಿದ ಮೊದಲ ಕಾಯನ್ನು ಅಲ್ಲಾಡಿಸಿದಳು. ಸದ್ದು ಬಂತು. ಆದರೆ ಅವಳಿಗೆ ಗೊತ್ತಿರುವ ಸದ್ದಲ್ಲ. ಮತ್ತೆ ಅಲ್ಲಾಡಿಸಿದಳು. ಅರ್ಧ ಗಂಟೆ ಒದ್ದಾಡಿ ಸುಲಿದು ಒಡೆದರೆ ನಿಂಬೆಹಣ್ಣಿಗಿಂತ ಒಂಚೂರು ದೊಡ್ಡ ಗಿಟುಕು. ಅಂಗೈಯಲ್ಲಿ ಇಟ್ಟುಕೊಂಡು ಸುಮ್ನೆ ಕೂತಳು. ತಾತ ಸತ್ತಾಗಲೂ ಮಕ್ಕಳ ಎದುರು ಅಳದವಳು ಅವತ್ತು ಅತ್ತಳು. ನಾನು ಹೈಸ್ಕೂಲಿನಲ್ಲಿದ್ದೆ, ದಸರಾ ರಜೆಗೆ ಬಂದಿದ್ದೆ, ಅಲ್ಲೇ ಇದ್ದೆ.

ಅತ್ತೆ ಒಳಗಿನಿಂದ ಬಂದು, ಏನೂ ಮಾತಾಡದೆ, ಇನ್ನೊಂದು ಮಚ್ಚು ತಗೊಂಡು ಅಜ್ಜಿಯ ಪಕ್ಕ ಕೂತರು. ಅಜ್ಜಿ ಬೇಡ ಅನ್ನಲಿಲ್ಲ. ಒಂದು ಕಾಯಿ ಎತ್ತಿ ಅವರ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇದನ್ನ ಕೇಳು. ಹೀಗಂದ್ರೆ ಸಣ್ದು, ಆದ್ರೆ ಒಣಗಿದೆ" ಅಂದಳು. ಅವತ್ತು ಶುರುವಾದ ಪಾಠ ಇಪ್ಪತ್ತು ವರ್ಷ ನಡೆಯಿತು. ಆ ಸಣ್ಣ ಗಿಟುಕುಗಳಲ್ಲಿ ಒಂದು ಈಗಲೂ ಅತ್ತೆಯ ಹತ್ತಿರ ಇದೆ. ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲ ಪಕ್ಕ. ಕಲ್ಲಿನ ಹಾಗೆ ಆಗಿದೆ.

ಕೊನೆಯ ಮೂರು ವರ್ಷ ಅಜ್ಜಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಅವಳನ್ನು ನೋಡಿಕೊಂಡದ್ದು ಅತ್ತೆ. ತಲೆ ಸ್ನಾನ ಮಾಡಿಸಿ, ಕೂದಲು ಬಿಡಿಸಿ, ಮುದ್ದೆಯನ್ನು ಸಾರಿನಲ್ಲಿ ಹಿಸುಕಿ ಕೊಡುತ್ತಿದ್ದರು. ಇಬ್ಬರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಆದರೆ ಕಾಯಿ ಅಟ್ಟಕ್ಕೆ ಹಾಕುವ ದಿನ ಮಾತ್ರ ಅಜ್ಜಿಯ ಕುರ್ಚಿಯನ್ನು ಏಣಿ ಪಕ್ಕ ಹಾಕಬೇಕಿತ್ತು. ಒಂದೊಂದು ಕಾಯಿಯೂ ಅವಳ ಕೈ ದಾಟಿಯೇ ಮೇಲೆ ಹೋಗಬೇಕು. ಹೋದ ವರ್ಷ ಶಿವರಾತ್ರಿ ಆದ ಮೇಲೆ ಹಾಗೇ ಒಂದು ದಿನ ಕೂರಿಸಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಳು. ಕೈ ನಡುಗುತ್ತಿತ್ತು. ಪ್ರತಿ ಕಾಯಿಯನ್ನೂ ಮುಟ್ಟಿ, ತೊಟ್ಟು ನೋಡಿ, ತಿರುಗಿಸಿ ಮೇಲೆ ಕೊಡುತ್ತಿದ್ದಳು. ಮುಗಿದ ಮೇಲೆ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೈ ಇಟ್ಟು ಅತ್ತೆಗೆ ಹೇಳಿದಳಂತೆ, "ಇನ್ಮೇಲೆ ಅಟ್ಟ ನೀನೇ ನೋಡ್ಕೋ."

ಆಷಾಢದಲ್ಲಿ ಹೋದಳು. ಮನೆಯವರೆಲ್ಲ ಹತ್ತಿರವೇ ಇದ್ದೆವು.

ಆ ಕಾಯಿ ಇನ್ನೂ ಅಟ್ಟದಲ್ಲಿದೆ. ಈ ಸಂಕ್ರಾಂತಿಗೆ ಊರಿಗೆ ಬಂದಾಗ ಅತ್ತೆ ಏಣಿ ಹತ್ತಿ ಒಂದು ಕಾಯಿ ತಂದರು. ನನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ನನಗೆ ಎಂದಿನ ಹಾಗೆ ಏನೂ ಗೊತ್ತಾಗಲಿಲ್ಲ. ಅವರು ತಮ್ಮ ಕಿವಿಗೆ ಹಿಡಿದುಕೊಂಡು, ಕಣ್ಣು ಮುಚ್ಚಿ ಕೇಳಿದರು. ಹದಿನಾಲ್ಕಾಣೆ ಅಂದರು. ಇನ್ನೆರಡಾಣೆ ಬಾಕಿ. ಶಿವರಾತ್ರಿ ಹೊತ್ತಿಗೆ ಇಳಿಸುತ್ತಾರಂತೆ. ಮುಂದೆ ಕೂತಿರುವ ಮಕ್ಕಳೇ, ನೀವೂ ಬನ್ನಿ. ರೈಲ್ವೆ ಗೇಟ್ ದಾಟಿ, ಎಡಕ್ಕೆ ಎರಡನೇ ಮನೆ. ಮಚ್ಚು ನಾವೇ ಕೊಡುತ್ತೇವೆ.